ಅಪ್ಪನ ಕಾರು, ಮಗನ ಟೆಸ್ಟ್ ಡ್ರೈವ್

ಬಹಳ ದಿನ ಆಯ್ತು ಇಲ್ಲಿ ಏನಾದ್ರೂ ಬರೆದು. ಕೆಲಸ ಜಾಸ್ತಿ ಇತ್ತು ಅನ್ನೋದು ಮಾಮೂಲಿ ನೆಪ, ಈ ಸಲಕ್ಕೂ ಅದನ್ನೇ ಇಟ್ಕೊಳ್ಳಿ :-) ಇವತ್ತು ಬರೀಲಿಕ್ಕೆ ಕೂತಿರೋದು ಸಿಟ್ಟಿನಿಂದ. ಸಿಟ್ಟು ಅರ್ಧ ಕಾರು ಮಾರೋರ ಮೇಲೆ, ಇನ್ನರ್ಧ ನನ್ನ ಮೇಲೆ. ನನ್ನ ಮೇಲೆ ಅಂದ್ರೆ ನನ್ನಂಥವರೆಲ್ಲರ ಮೇಲೆ. ಅಂದ್ರೆ ಬೆಂಗಳೂರಲ್ಲಿ ಕೂತು ಊರಲ್ಲಿರೋ ಅಪ್ಪ ಅಮ್ಮನಿಗೆ ಏನು ಬೇಕು ಅಂತ ಎಕ್ಸೆಲ್ ಶೀಟಿನಲ್ಲಿ ತೀರ್ಮಾನ ಮಾಡೋ ಗಂಡು ಮಕ್ಕಳ ಮೇಲೆ. ನೀವೂ ಅದರಲ್ಲಿ ಒಬ್ಬರಾಗಿದ್ರೆ ಬೇಜಾರು ಮಾಡ್ಕೋಬೇಡಿ. ಪೂರ್ತಿ ಓದಿ, ಆಮೇಲೆ ಬೈಯಿರಿ.

ವಿಷಯ ಇಷ್ಟೇ. ಅಪ್ಪ ನಿವೃತ್ತರಾದ್ರು. ತೀರ್ಥಹಳ್ಳಿ ಕಡೆಯ ಒಂದು ಸರ್ಕಾರಿ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. 60 ತುಂಬಿತು, ಒಂದು ಹಾರ, ಒಂದು ಶಾಲು, ಹಣ್ಣಿನ ಬುಟ್ಟಿ, ಒಂದು ಗೋಡೆ ಗಡಿಯಾರ, ಮುಗೀತು. ಮನೆಯಲ್ಲಿರೋದು 2006ರ ಮಾರುತಿ 800. ಹದಿನೈದು ವರ್ಷ ಆದಮೇಲೆ ಆರ್‌ಟಿಓಗೆ ಹೋಗಿ ಮತ್ತೆ ನೋಂದಣಿ ಮಾಡಿಸಿಕೊಂಡು ಬಂದ ಹಳೇ ಗಾಡಿ. ಆ ಮಾಡೆಲ್ಲಿನ ತಯಾರಿಕೆಯೇ 2014ರ ಜನವರಿಗೆ ನಿಂತು ಹೋಯ್ತು. ನಮ್ಮದು ಮಾತ್ರ ಇನ್ನೂ ಓಡ್ತಾ ಇದೆ. ತೊಂದರೆ ಇಂಜಿನ್ನಿಗಲ್ಲ, ಅಪ್ಪನ ಎಡ ಮೊಣಕಾಲಿಗೆ. ಆ ಕಾರಲ್ಲಿ ಕೂರೋದು ಅಂದ್ರೆ ನೆಲದ ಮೇಲೆ ಊಟಕ್ಕೆ ಕೂತ ಹಾಗೆ. ಕೂರೋದು ಹೇಗೋ ಆಗುತ್ತೆ, ಏಳೋದು ಕಷ್ಟ. ಬಾಗಿಲ ಮೇಲಿನ ಅಂಚನ್ನ ಎಡಗೈಲಿ ಹಿಡಿದು, ಸ್ಟೇರಿಂಗ್ ಮೇಲೆ ಬಲಗೈ ಊರಿ, "ಅಯ್ಯೋ ದೇವರೇ" ಅಂತ ಹೊರಗೆ ಬರ್ತಾರೆ. ಕ್ಲಚ್ಚು ಒತ್ತೋದೂ ಅದೇ ಎಡಗಾಲಲ್ಲಿ.

ಹೊಸ ಕಾರು ತಗೊಳ್ಳೋದು ಅಂತಾಯ್ತು. ಅದರಲ್ಲೂ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇಕಡಾ 18ಕ್ಕೆ ಇಳೀತಲ್ಲ. ಅದಕ್ಕೂ ಮುಂಚೆ ಶೇಕಡಾ 28, ಮೇಲೆ ಸೆಸ್ ಬೇರೆ. "ಇದೇ ಟೈಮು ಅಪ್ಪಾ" ಅಂತ ದೀಪಾವಳಿ ರಜೆಗೆ ಊರಿಗೆ ಹೋದವನೇ ಅವಸರ ಮಾಡಿದೆ. ಎಕ್ಸೆಲ್ ಶೀಟ್ ರೆಡಿ ಇತ್ತು. ಏಳು ಕಾರು, ಇಪ್ಪತ್ತೆರಡು ಕಾಲಂ. ಹಾರ್ಸ್ ಪವರ್, ಟಾರ್ಕ್, ಏರ್‌ಬ್ಯಾಗು, ಸನ್‌ರೂಫು, ಸ್ಕ್ರೀನ್ ಎಷ್ಟು ಇಂಚು, ವೈರ್‌ಲೆಸ್ ಚಾರ್ಜರ್ ಇದೆಯಾ... ಮೊಣಕಾಲು ಅಂತ ಒಂದು ಕಾಲಂ ಇರಲಿಲ್ಲ. ಅಪ್ಪ ಕನ್ನಡಕ ಹಾಕ್ಕೊಂಡು ಶೀಟನ್ನ ಗಂಭೀರವಾಗಿ ನೋಡಿ "ಚೆನ್ನಾಗಿ ಮಾಡಿದೀಯ" ಅಂದ್ರು. ಮೇಷ್ಟ್ರು ಹೀಗಂದ್ರೆ ಉತ್ತರ ತಪ್ಪಾಗಿದೆ ಅಂತ ಅರ್ಥ ಅಂತ ನಂಗೆ ಆಗ ಹೊಳೀಲಿಲ್ಲ.

ಶಿವಮೊಗ್ಗದ ಒಂದು ಶೋರೂಮಿಗೆ ಹೋದ್ವಿ. ಹೆಸರು ಬೇಡ, ಎಲ್ಲಾ ಕಡೆ ಇದೇ ಕಥೆ. ಒಳಗೆ ಕಾಲಿಟ್ಟ ಕೂಡಲೇ ಟೈ ಕಟ್ಟಿದ ಹುಡುಗ ಸೀದಾ ನನ್ನ ಹತ್ರ ಬಂದ. "ಸಾರ್ ಬನ್ನಿ, ಯಾವ ಮಾಡೆಲ್ ಸಾರ್?" ಅಪ್ಪ ನನ್ನ ಪಕ್ಕದಲ್ಲೇ ನಿಂತಿದ್ದಾರೆ. ದುಡ್ಡು ಅವರದ್ದು, ನಿವೃತ್ತಿಯಾದಾಗ ಬಂದ ಗ್ರಾಚ್ಯುಟಿ. ಓಡಿಸೋರು ಅವರು. ಹುಡುಗನಿಗೆ ಅವರು ಕಾಣಿಸಲೇ ಇಲ್ಲ. "ಇಎಂಐ ಎಷ್ಟಕ್ಕೆ ಕೂರಿಸ್ಲಿ ಸಾರ್" ಅಂತ ನನ್ನನ್ನೇ ಕೇಳಿದ. ಅಮ್ಮನ್ನ ಸೋಫಾ ತೋರಿಸಿ ಕೂರಿಸಿದ, ಕಾಫಿ ತಂದುಕೊಟ್ಟ. ನಾನಾದ್ರೂ "ಇವರಿಗೆ ಹೇಳಪ್ಪ, ಕಾರು ಇವರದ್ದು" ಅನ್ನಬೇಕಿತ್ತು. ಅನ್ನಲಿಲ್ಲ. ಯಾಕೆ ಸುಳ್ಳು ಹೇಳ್ಲಿ, ಸಾರ್ ಸಾರ್ ಅನ್ನಿಸಿಕೊಳ್ಳೋದು ಹಿತವಾಗಿಯೇ ಇತ್ತು.

ಟೆಸ್ಟ್ ಡ್ರೈವ್ ಅಂದೆ. "ಅಪ್ಪನ ಕಾಲಿಗೆ ಆಟೋಮ್ಯಾಟಿಕ್ ಬೇಕು" ಅಂತ ಫೋನಲ್ಲೇ ಹೇಳಿದ್ದೆ. ಹೊರಗೆ ನಿಂತಿದ್ದು ಟರ್ಬೋ ಇಂಜಿನ್ನಿನ, ಟಾಪ್ ಮಾಡೆಲ್ಲಿನ, ಮ್ಯಾನ್ಯುಯಲ್ ಗಾಡಿ. ಕೇಳಿದ್ರೆ "ಎರಡೂ ಒಂದೇ ಸಾರ್, ಕ್ಲಚ್ ಇರಲ್ಲ ಅಷ್ಟೇ". ನಾವು ತಗೊಳ್ಳೋದು 1.2 ಲೀಟರಿನ ಸಾಮಾನ್ಯ ಇಂಜಿನ್ನು. ಇಂಜಿನ್ ಬೇರೆ, ಗೇರ್‌ಬಾಕ್ಸ್ ಬೇರೆ, ಚಕ್ರದ ಅಳತೆ ಬೇರೆ, ಸೀಟು ಬೇರೆ. ಮದುವೆಗೆ ಹೆಣ್ಣು ತೋರಿಸ್ತೀವಿ ಅಂತ ಕರೆದು ಅವಳ ಅಕ್ಕನ್ನ ತೋರಿಸಿ "ಒಂದೇ ಮನೇವ್ರು ಸಾರ್" ಅಂದ ಹಾಗಾಯ್ತು.

ಅದೂ ಎಷ್ಟು ಹೊತ್ತು? ಹತ್ತು ನಿಮಿಷ. ಶೋರೂಮಿಂದ ಎಡಕ್ಕೆ, ಮುಂದಿನ ಸರ್ಕಲ್ಲಲ್ಲಿ ತಿರುಗಿಸಿ ವಾಪಸ್. ನಯವಾದ ನೇರ ರಸ್ತೆ. ಹಂಪು ಒಂದೇ ಒಂದು. ಮೊದಲು ಓಡಿಸಿದ್ದು ನಾನು! ನಾಲ್ಕನೇ ಗೇರಿಗೆ ಹಾಕಿ ಒತ್ತಿದೆ, ಟರ್ಬೋ ಎಳೀತು, "ಸೂಪರ್" ಅಂದೆ. ಅಪ್ಪನಿಗೆ ಕೊಟ್ಟಾಗ ಉಳಿದಿದ್ದು ವಾಪಸ್ ಬರೋ ದಾರಿ. ಅಪ್ಪ ಮೂವತ್ತರ ಸ್ಪೀಡಲ್ಲಿ ಓಡಿಸಿಕೊಂಡು ಬಂದ್ರು. ಪಕ್ಕದಲ್ಲಿ ಕೂತ ಹುಡುಗ ದಾರಿಯುದ್ದಕ್ಕೂ ಹಿಂದಕ್ಕೆ ತಿರುಗಿ ನನಗೆ ಸನ್‌ರೂಫ್ ಮಾತಾಡಿದ್ರೆ ತೆರೆಯುತ್ತೆ ಅನ್ನೋದನ್ನ ತೋರಿಸ್ತಾ ಇದ್ದ. ಮಲೆನಾಡಲ್ಲಿ ಸನ್‌ರೂಫು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಛತ್ರಿ ಮಡಚದ ಊರಲ್ಲಿ!

ಇದಕ್ಕೆ ಟೆಸ್ಟ್ ಡ್ರೈವ್ ಅಂತ ಯಾಕೆ ಕರೀಬೇಕು? ಇದರಲ್ಲಿ ಟೆಸ್ಟೂ ಇಲ್ಲ, ಡ್ರೈವೂ ಇಲ್ಲ. ನಾವು ಸಾಫ್ಟ್‌ವೇರಿನವರು, ಟೆಸ್ಟಿಂಗ್ ಅಂದ್ರೇನು ಅಂತ ನಮಗೆ ಗೊತ್ತಿರಬೇಕು. ಯಾರು ಬಳಸ್ತಾರೋ ಅವರು, ಎಲ್ಲಿ ಬಳಸ್ತಾರೋ ಅಲ್ಲಿ, ಯಾವ ಬಿಲ್ಡ್ ಕೊಡ್ತೀವೋ ಅದನ್ನೇ ಓಡಿಸಿ ನೋಡೋದು ಟೆಸ್ಟಿಂಗು. ಬೇರೆ ಬಿಲ್ಡನ್ನ, ಬೇರೆ ಮಿಷಿನ್ನಿನಲ್ಲಿ, ಡೆವಲಪರ್ರೇ ಹತ್ತು ನಿಮಿಷ ನೋಡಿ "ಪಾಸ್" ಅಂದ್ರೆ ನಾಳೆ ಬೆಳಿಗ್ಗೆ ಮ್ಯಾನೇಜರ್ ಕರೆದು ಏನು ಮಾಡ್ತಾರೆ? ನೂರು ರೂಪಾಯಿ ಕೆಲಸ ಮಾಡದ ಬಟನ್ನಿಗೆ ಅಷ್ಟು ಪರೀಕ್ಷೆ ಮಾಡೋ ನಾವು, ಅಪ್ಪನ ಜೀವಮಾನದ ಉಳಿತಾಯದ ಒಂದು ತುಂಡನ್ನ ಸರ್ಕಲ್ ಸುತ್ತಿ ಬಂದು ಖರ್ಚು ಮಾಡಿಸ್ತೀವಿ.

ವಾಪಸ್ ಬರ್ತಾ ಕಾರಲ್ಲಿ ಯಾರೂ ಮಾತಾಡಲಿಲ್ಲ. ಗಾಜನೂರು ದಾಟಿದ ಮೇಲೆ ಅಪ್ಪ ಹೇಳಿದ್ರು, "ನಿಂಗೆ ಯಾವ್ದು ಇಷ್ಟವೋ ಅದನ್ನೇ ತಗೋ ಮಾರಾಯ. ನಾನು ಓಡ್ಸೋದು ಇನ್ನೆಷ್ಟು ದಿನ."

ಆ ಮಾತು ಇನ್ನೂ ಕಿವಿಯಲ್ಲಿದೆ. ಮೂವತ್ತು ವರ್ಷಕ್ಕೂ ಹೆಚ್ಚು ಪಾಠ ಮಾಡಿದ ಮನುಷ್ಯ, ಇಪ್ಪತ್ತು ವರ್ಷ ಆಗುಂಬೆ ಘಾಟಿಯ ಹದಿನಾಲ್ಕು ತಿರುವನ್ನ ಹತ್ತಿಸಿ ಇಳಿಸಿದ ಮನುಷ್ಯ, ಒಂದು ಮಧ್ಯಾಹ್ನದಲ್ಲಿ ತನ್ನದೇ ಕಾರಿಗೆ ನೆಂಟನ ಹಾಗೆ ಆಗಿಬಿಟ್ಟರು. ಮಾಡಿದ್ದು ಶೋರೂಮ್ ಹುಡುಗ ಒಬ್ಬನೇ ಅಲ್ಲ.

ಈಗ ಕಾರಿನ ವಿಷಯಕ್ಕೆ ಬರ್ತೀನಿ. ನೀವು ಕೇಳಬಹುದು, ಹಾಗಾದ್ರೆ ಈ ಸಣ್ಣ ಎಸ್‌ಯುವಿ, ಕ್ರಾಸ್‌ಓವರ್ ಅನ್ನೋದೆಲ್ಲ ಬರೀ ಶೋಕಿಯಾ? ಹಿಮ್ಮಡಿ ಎತ್ತರದ ಚಪ್ಪಲಿ ಹಾಕಿದ ಹ್ಯಾಚ್‌ಬ್ಯಾಕಾ? ನಾನೂ ಹಾಗೇ ಅಂತಿದ್ದೆ. ಈಗ ಅನ್ನಲ್ಲ. ನನ್ನ ವಾದ ಬೇರೆ: ವಯಸ್ಸಾದವರಿಗೆ ಇದೇ ಸರಿಯಾದ ಆಕಾರದ ಗಾಡಿ. ಆದರೆ ಅದನ್ನ ಮಾಡಿದವರೂ ಅವರಿಗೋಸ್ಕರ ಮಾಡಲಿಲ್ಲ, ಮಾರೋರೂ ಅವರಿಗೆ ಮಾರಲ್ಲ.

ಈ ಆಕಾರ ಎಲ್ಲಿಂದ ಬಂತು ನೋಡಿ. 2006ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನ ಶೇಕಡಾ 24ರಿಂದ 16ಕ್ಕೆ ಇಳಿಸಿದ್ರು. ಸಣ್ಣ ಕಾರು ಅಂದ್ರೆ ಉದ್ದ 4 ಮೀಟರ್ ಮೀರಬಾರದು, ಪೆಟ್ರೋಲ್ ಆದ್ರೆ ಇಂಜಿನ್ 1200 ಸಿಸಿ, ಡೀಸೆಲ್ ಆದ್ರೆ 1500 ಸಿಸಿ ಮೀರಬಾರದು. ಅವತ್ತಿಂದ ಇವತ್ತಿನ ಜಿಎಸ್‌ಟಿವರೆಗೂ ಅದೇ ಗೆರೆ. ಹಾಗಾಗಿ ಕಂಪನಿಗಳು 3995 ಮಿಲಿಮೀಟರಿಗೆ ಟೇಪು ಹಿಡಿದು ಕಾರು ಕತ್ತರಿಸೋಕೆ ಶುರು ಮಾಡಿದ್ವು. 2013ರಲ್ಲಿ ಫೋರ್ಡ್ ಇಕೋಸ್ಪೋರ್ಟ್, 2016ರಲ್ಲಿ ಮಾರುತಿ ಬ್ರೆಜ್ಜಾ, 2017ರಲ್ಲಿ ಟಾಟಾ ನೆಕ್ಸಾನ್, 2019ರಲ್ಲಿ ಹುಂಡೈ ವೆನ್ಯೂ, 2021ರಲ್ಲಿ ಟಾಟಾ ಪಂಚ್, 2023ರಲ್ಲಿ ಮಾರುತಿ ಫ್ರಾಂಕ್ಸ್ ಮತ್ತು ಹುಂಡೈ ಎಕ್ಸ್‌ಟರ್. ಉದ್ದ ಬೆಳೆಸೋಕೆ ಆಗಲ್ಲ, ಬೆಳೆಸಿದ್ರೆ ತೆರಿಗೆ. ಅದಕ್ಕೆ ಎತ್ತರ ಬೆಳೆಸಿದ್ರು. ನಮ್ಮ ರಸ್ತೆ ಗುಂಡಿಗೂ ಅದು ಬೇಕಿತ್ತು. ಹೀಗೆ ತೆರಿಗೆ ಗೆರೆ ಮತ್ತು ಗುಂಡಿ ಸೇರಿ, ಯಾರೂ ಉದ್ದೇಶಪಡದೆ, ಅರವತ್ತು ದಾಟಿದವರ ಸೊಂಟದ ಮಟ್ಟಕ್ಕೆ ಸೀಟು ತಂದು ಇಟ್ಟುಬಿಟ್ಟವು.

ಯಾಕೆ ಅದು ಮುಖ್ಯ ಅಂದ್ರೆ, ಇದು ಅಪ್ಪನೇ ಹೇಳಿಕೊಟ್ಟಿದ್ದು. ತಗ್ಗಿನ ಸೀಟಿನಿಂದ ಏಳುವಾಗ ಮೈಭಾರವನ್ನೆಲ್ಲ ಮಡಚಿದ ಮೊಣಕಾಲು ಎತ್ತಬೇಕು. ಮೊಣಕಾಲು ಜಾಸ್ತಿ ಮಡಚಿದಷ್ಟೂ ಅದರ ಮೇಲೆ ಬೀಳೋ ಒತ್ತಡ ಜಾಸ್ತಿ. ಸೀಟು ತೀರಾ ಎತ್ತರ ಇದ್ರೆ, ದೊಡ್ಡ ಎಸ್‌ಯುವಿಗಳ ಹಾಗೆ, ಒಂದು ಕಾಲಲ್ಲಿ ನಿಂತು ಇನ್ನೊಂದನ್ನ ಮೇಲಕ್ಕೆ ಎತ್ತಿ ಹತ್ತಬೇಕು, ಅದೂ ಮೊಣಕಾಲಿಗೇ ಪೆಟ್ಟು. ನಿಂತಲ್ಲೇ ಹಿಂಭಾಗ ಸೀಟಿಗೆ ತಾಗಿಸಿ, ಕೂತು, ಕಾಲು ಎರಡನ್ನೂ ಒಳಗೆ ತಿರುಗಿಸೋ ಹಾಗಿದ್ರೆ ಅದು ಸರಿಯಾದ ಎತ್ತರ. ಇದನ್ನ ಯಾವ ಬ್ರೋಶರಿನಲ್ಲೂ ನಾನು ಕಾಣಲಿಲ್ಲ. ಗ್ರೌಂಡ್ ಕ್ಲಿಯರೆನ್ಸ್ ಇದೆ, ಆದರೆ ಅದು ಕಾರಿನ ಹೊಟ್ಟೆಗೂ ನೆಲಕ್ಕೂ ಇರೋ ಅಂತರ. ಅಪ್ಪನ ಸೊಂಟಕ್ಕೂ ಸೀಟಿಗೂ ಇರೋ ಅಂತರ ಅಲ್ಲ.

ಎರಡನೇ ಸಲ ಹೋದಾಗ ಅಪ್ಪ ಅಮ್ಮನ ಹೊಲಿಗೆ ಟೇಪನ್ನ ಜೇಬಲ್ಲಿ ಇಟ್ಕೊಂಡು ಬಂದಿದ್ರು. ಈ ಸಲ ಬೇರೆ ಬೇರೆ ಕಂಪನಿಯ ಎರಡು ಶೋರೂಮು. ನನ್ನ ಎಕ್ಸೆಲ್ ಮನೆಯಲ್ಲೇ ಬಿಟ್ಟು ಬಂದಿದ್ದೆ. ಒಳಗೆ ಹೋಗ್ತಿದ್ದ ಹಾಗೆ "ನಾನು ಡ್ರೈವರ್ ಅಲ್ಲ, ಇವರು ಗಿರಾಕಿ" ಅಂತ ಹೇಳಿ ಹಿಂದಿನ ಸೀಟಲ್ಲಿ ಬಾಯ್ಮುಚ್ಚಿಕೊಂಡು ಕೂತೆ. ಅಪ್ಪ ಸೀಟಿನ ಎತ್ತರ ಅಳೆದ್ರು. ಒಂದರಲ್ಲಿ 24 ಇಂಚು, ಇನ್ನೊಂದರಲ್ಲಿ 27. ಬಾಗಿಲು ಎಷ್ಟು ಅಗಲ ತೆರೆಯುತ್ತೆ ಅಂತ ನೋಡಿದ್ರು. ಹೊಸ್ತಿಲು ಎಷ್ಟು ದಪ್ಪ ಅಂತ ನೋಡಿದ್ರು, ಯಾಕಂದ್ರೆ ಅದು ದಪ್ಪ ಇದ್ರೆ ಕೆಸರು ಪಂಚೆಗೆ ಬಳಿಯುತ್ತೆ. ಸೇಲ್ಸ್ ಹುಡುಗ ಮೊದಲು ನಕ್ಕ, ಆಮೇಲೆ ತಾನೇ ಟೇಪಿನ ಇನ್ನೊಂದು ತುದಿ ಹಿಡ್ಕೊಂಡ. ಪಾಪ, ಅವನದ್ದೇನೂ ತಪ್ಪಿಲ್ಲ. ಅವನಿಗೂ ಮನೇಲಿ ಅಪ್ಪ ಇರ್ತಾರಲ್ಲ.

ಅಮ್ಮನ ವಿಷಯ ಹೇಳಲೇಬೇಕು. ಮೊದಲ ದಿನ ಅವಳನ್ನ ಯಾರೂ ಏನೂ ಕೇಳಿರಲಿಲ್ಲ. ಈ ಸಲ ಹಿಂದಿನ ಸೀಟಲ್ಲಿ ಕೂತು ಅವಳು ಅಂದಿದ್ದು: "ಎಂತದಿದು, ಬಾವಿಯೊಳಗೆ ಕೂತ ಹಾಗಿದೆ!" ನೋಡಿದ್ರೆ ನಿಜ. ಈಗಿನ ಕಾರುಗಳಲ್ಲಿ ಕಿಟಕಿಯ ಕೆಳಗಿನ ಗೆರೆ ಹಿಂದಕ್ಕೆ ಹೋಗ್ತಾ ಹೋಗ್ತಾ ಮೇಲೇರುತ್ತೆ, ಹೊರಗಿಂದ ನೋಡೋಕೆ ನುಗ್ಗೋ ಹಾಗೆ ಕಾಣ್ಲಿ ಅಂತ. ಒಳಗೆ ಎಲ್ಲಾ ಕಪ್ಪು ಪ್ಲಾಸ್ಟಿಕ್ಕು. ಕುಳ್ಳಗಿರೋ ಅಮ್ಮನಿಗೆ ಕಾಣೋದು ಬಾಗಿಲು ಮಾತ್ರ. ಘಾಟಿಯಲ್ಲಿ ಹೊರಗೆ ನೋಡೋಕೆ ಆಗದೆ ಇದ್ರೆ ವಾಂತಿ ಗ್ಯಾರಂಟಿ. 22 ಕಾಲಂನಲ್ಲಿ ಇದೂ ಇರಲಿಲ್ಲ. ಆ ಕಾರು ಅಲ್ಲಿಗೇ ಪಟ್ಟಿಯಿಂದ ಹೊರಗೆ.

ಸ್ಕ್ರೀನಿನ ಕಥೆ ಕೇಳಿ. ಒಂದು ಕಾರಲ್ಲಿ ಎಸಿ ಫ್ಯಾನು ಕಮ್ಮಿ ಮಾಡ್ಬೇಕು ಅಂದ್ರೂ ಸ್ಕ್ರೀನ್ ಮುಟ್ಟಬೇಕು. ನಲವತ್ತೈದು ದಾಟಿದ ಕಣ್ಣಿಗೆ ದೂರದ್ದು ನೋಡಿ ತಟ್ಟನೆ ಹತ್ತಿರದ್ದು ನೋಡೋದು ಕಷ್ಟ. ಅಪ್ಪ ಓಡಿಸುವಾಗ ಹಾಕೋದು ದೂರದ ಕನ್ನಡಕ. ಅದರಲ್ಲಿ ಸ್ಕ್ರೀನು ಮಸುಕು. ನಮ್ಮ 800ರಲ್ಲಿ ಕತ್ತಲಲ್ಲೂ ಕೈ ತಾನಾಗಿ ಹೋಗಿ ಗುಂಡಿ ತಿರುಗಿಸ್ತಿತ್ತು. ಗಾಜು ಮುಟ್ಟಿದ್ರೆ ಎಲ್ಲಾ ಕಡೆಯೂ ಒಂದೇ ನುಣುಪು. ಯುಐ ಮಾಡೋ ನಮಗೆ ನಾಚಿಕೆ ಆಗಬೇಕು. ಇದನ್ನ ಯಾರಾದ್ರೂ ನಮ್ಮ ವಯಸ್ಸಿನವರೇ, ನಮ್ಮಂಥ ಆಫೀಸಲ್ಲೇ ಕೂತು, ಇಪ್ಪತ್ತೈದರ ಕಣ್ಣಲ್ಲಿ ನೋಡಿ ಓಕೆ ಮಾಡಿರ್ತಾರೆ.

ಇನ್ನು ಗೇರು. ಈ ಬೆಲೆಯ ಕಾರುಗಳಲ್ಲಿ ಆಟೋಮ್ಯಾಟಿಕ್ ಅಂತ ಮಾರೋದು ಬಹುಪಾಲು ಎಎಂಟಿ. 2014ರಲ್ಲಿ ಮಾರುತಿ ಸೆಲೆರಿಯೋದಲ್ಲಿ ನಮ್ಮ ದೇಶಕ್ಕೆ ಬಂದಿದ್ದು. ಗೇರ್‌ಬಾಕ್ಸು ಮಾಮೂಲಿ ಮ್ಯಾನ್ಯುಯಲ್ಲೇ. ಕ್ಲಚ್ಚು ಒತ್ತೋದು, ಗೇರು ಹಾಕೋದು ಮಾತ್ರ ನಮ್ಮ ಬದಲು ಒಂದು ಯಂತ್ರ ಮಾಡುತ್ತೆ. ಅಗ್ಗ, ಮೈಲೇಜೂ ಸುಮಾರು ಮ್ಯಾನ್ಯುಯಲ್ಲಿನಷ್ಟೇ. ಆದರೆ ಗೇರು ಬದಲಾಗೋವಾಗ ಒಂದು ಕ್ಷಣ ಎಳೆತ ನಿಲ್ಲುತ್ತೆ, ತಲೆ ಮುಂದಕ್ಕೆ ತೂಗುತ್ತೆ. ನೇರ ರಸ್ತೆಯಲ್ಲಿ ಇದು ಗೊತ್ತೇ ಆಗಲ್ಲ. ಘಾಟಿಯ ತಿರುವಿನ ಮಧ್ಯದಲ್ಲಿ, ಮೇಲಿಂದ ಇನ್ನೊಂದು ಗಾಡಿ ಬರ್ತಿರುವಾಗ ಹಾಗಾದ್ರೆ ಎದೆ ಧಸಕ್ಕೆನ್ನುತ್ತೆ. ಸರ್ಕಲ್ ಸುತ್ತಿ ಬರೋ ಟೆಸ್ಟ್ ಡ್ರೈವಿನಲ್ಲಿ ಇದು ಎಲ್ಲಿ ತಿಳಿಯುತ್ತೆ?

ಹಠ ಹಿಡಿದ್ವಿ. ನಾವು ತಗೊಳ್ಳೋ ಎಎಂಟಿ ಗಾಡಿಯನ್ನೇ ಮನೆಗೆ ತರಬೇಕು, ಇಲ್ಲಾಂದ್ರೆ ಬೇರೆ ಕಡೆ ಹೋಗ್ತೀವಿ ಅಂತ ಅಪ್ಪನೇ ಹೇಳಿದ್ರು. ತಂದ್ರು! ಕೇಳಿದ್ರೆ ತರ್ತಾರೆ, ನಾವು ಕೇಳಲ್ಲ ಅಷ್ಟೇ. ಅಪ್ಪ ಆಗುಂಬೆವರೆಗೆ ಓಡಿಸಿ, ಘಾಟಿಯ ನಾಲ್ಕು ತಿರುವು ಇಳಿದು, ತಿರುಗಿಸಿ ಮೇಲೆ ಹತ್ತಿಸಿದ್ರು. ಎರಡನೇ ತಿರುವಲ್ಲಿ ಗೇರು ತಡಕಾಡಿತು. ಅಪ್ಪ ಸುಮ್ಮನೆ ಲಿವರನ್ನ ಮ್ಯಾನ್ಯುಯಲ್ ಕಡೆಗೆ ತಳ್ಳಿ ಎರಡನೇ ಗೇರಲ್ಲಿ ಹಿಡಿದಿಟ್ಟು ಆರಾಮಾಗಿ ಹತ್ತಿಸಿಬಿಟ್ರು. "ತಿರುವಿಗೆ ಮುಂಚೆಯೇ ಗೇರು ಆರಿಸ್ಬೇಕು, ಯಂತ್ರಕ್ಕೆ ತಿರುವು ಕಾಣಲ್ಲ" ಅಂತ ಸೇಲ್ಸ್ ಹುಡುಗನಿಗೆ ಪಾಠ ಬೇರೆ ಆಯ್ತು. ಮನೆಗೆ ಬಂದು, ಗೇಟಿನ ಮುಂದಿನ ಏರಿನಲ್ಲಿ ರಿವರ್ಸ್ ಹಾಕಿ, ಮೂರು ಸಲ ಒಳಗೆ ಹೊರಗೆ ಮಾಡಿ ನೋಡಿದ್ರು. ಮೂರನೇ ಸಲ ಇಳಿದಾಗ "ಅಯ್ಯೋ ದೇವರೇ" ಅನ್ನಲಿಲ್ಲ. ನಾನು ಎಣಿಸ್ತಾ ಇದ್ದೆ.

ಇಲ್ಲಿ ಕೆಲವರು ಕೇಳ್ತಾರೆ, ಅರವತ್ತು ಆದವರಿಗೆ ಯಾಕೆ ಕಾರು, ಟ್ಯಾಕ್ಸಿ ಇಲ್ವಾ ಅಂತ. ಕೇಳೋರು ಬೆಂಗಳೂರಿನವರು. ನಮ್ಮೂರಿಗೆ ಸಂಜೆ ಕೊನೆಯ ಬಸ್ಸು ಹೋದಮೇಲೆ ಇರೋದು ಜೀರುಂಡೆ ಸದ್ದು ಮಾತ್ರ. ರಾತ್ರಿ ಅಮ್ಮನಿಗೆ ಎದೆ ಹಿಡ್ಕೊಂಡ್ರೆ ಆ್ಯಪ್ ತೆರೆದು ಕೂರೋಕಾಗುತ್ತಾ? ನಾನು ಇಲ್ಲಿಂದ ಹೊರಟು ತಲುಪೋ ಹೊತ್ತಿಗೆ ಬೆಳಗಾಗಿರುತ್ತೆ. ಅವರಿಗೆ ಕಾರು ಅಂದ್ರೆ ಪ್ರವಾಸ ಅಲ್ಲ. ಔಷಧಿ ಅಂಗಡಿ, ಬ್ಯಾಂಕು, ಮದುವೆ ಮನೆ, ಸಾವಿನ ಮನೆ, ಉಡುಪಿಯಲ್ಲಿರೋ ತಂಗಿ ಮನೆ. ಯಾರ ಮುಂದೆಯೂ "ಸ್ವಲ್ಪ ಬಿಡ್ತೀಯಾ" ಅಂತ ಕೇಳದೆ ಬದುಕೋದು. ಅದಕ್ಕೇ ಹೇಳೋದು, ಇದು ನಮ್ಮ ಶೋಕಿಯ ವಸ್ತು ಅಲ್ಲ.

ಇನ್ನೊಂದು ವಾದ: ವಯಸ್ಸಾದವರು ಓಡಿಸೋದು ಅಪಾಯ. ಕೆಲವರಿಗೆ ಹೌದು. ಅದಕ್ಕೆ ಕಾನೂನು ಇದೆ. 2019ರ ತಿದ್ದುಪಡಿಯ ಪ್ರಕಾರ 55 ದಾಟಿದವರ ಲೈಸೆನ್ಸು ಐದೈದು ವರ್ಷಕ್ಕೆ ಮಾತ್ರ ನವೀಕರಣ ಆಗುತ್ತೆ. ವೈದ್ಯರ ಸಹಿ ಇರೋ ಫಾರಂ 1ಎ ಕೊಡ್ಬೇಕು. ಅಪ್ಪ ಆ ಪರೀಕ್ಷೆ ಪಾಸಾಗಿದಾರೆ. ಕಾರು ಅಪ್ಪನ ಪರೀಕ್ಷೆ ಪಾಸಾಗೋದು ಬೇಡ್ವಾ? ಮತ್ತೆ, ಯಾವತ್ತೋ ಒಂದಿನ ಅವರು ಕೀಲಿ ಕೆಳಗೆ ಇಡ್ತಾರೆ. ಆ ದಿನ ಅವರೇ ಆರಿಸಿಕೊಳ್ಳಲಿ. ಹೊಂದದ ಕಾರು ಕೊಟ್ಟು ನಾವು ಆ ದಿನವನ್ನ ಹತ್ತಿರ ತರೋದು ಬೇಡ.

ಹಾಗಾಗಿ ನನ್ನಂಥ ಮಕ್ಕಳಿಗೆ ನಾಲ್ಕು ಮಾತು. ಒಂದು, ಶೋರೂಮಿನಲ್ಲಿ ಬಾಯಿ ಮುಚ್ಚಿಕೊಂಡಿರಿ, ಅಪ್ಪ ಅಮ್ಮ ಮಾತಾಡಲಿ. ಎರಡು, ತಗೊಳ್ಳೋ ಗಾಡಿಯನ್ನೇ ಕೇಳಿ, ಅಕ್ಕನ್ನ ನೋಡಿ ತಂಗಿಗೆ ಒಪ್ಪಿಗೆ ಕೊಡಬೇಡಿ. ಮೂರು, ಅವರು ದಿನಾ ಓಡಾಡೋ ರಸ್ತೆಯಲ್ಲಿ, ಆದ್ರೆ ಕತ್ತಲಾದ ಮೇಲೂ ಒಮ್ಮೆ, ಅವರೇ ಓಡಿಸಲಿ. ಎದುರಿನ ಲೈಟು ಕಣ್ಣಿಗೆ ಹೊಡೆದಾಗ ಏನಾಗುತ್ತೆ ಅಂತ ಗೊತ್ತಾಗೋದು ಆಗಲೇ. ನಾಲ್ಕು, ಹತ್ತಿ ಇಳಿಯೋದನ್ನ ಹತ್ತು ಸಲ ಮಾಡಿಸಿ. ಮೊದಲ ಸಲ ಎಲ್ಲರಿಗೂ ಆಗುತ್ತೆ, ಹತ್ತನೇ ಸಲ ಮೊಣಕಾಲು ನಿಜ ಹೇಳುತ್ತೆ.

ಬುಕ್ ಮಾಡಿ ಆಯ್ತು. ಕೆಳಗಿಂದ ಎರಡನೇ ಮಾಡೆಲ್ಲು, ಎಎಂಟಿ, ಎಸಿಗೆ ತಿರುಗಿಸೋ ಗುಂಡಿ, ಹಿಂದೆ ಕ್ಯಾಮೆರಾ. ಸನ್‌ರೂಫ್ ಇಲ್ಲ. ನನ್ನ ಎಕ್ಸೆಲ್ಲಿನಲ್ಲಿ ಅದು ಆರನೇ ಸ್ಥಾನದಲ್ಲಿತ್ತು. ನಾನು ಆರಿಸಿದ್ದಕ್ಕಿಂತ ಮೂರು ಲಕ್ಷ ಕಮ್ಮಿ. ಬಣ್ಣ ಅಮ್ಮ ಆರಿಸಿದ್ದು, ಒಂಥರಾ ಅಡಿಕೆ ಚೊಗರಿನ ಕಂದು. ನಂಗೆ ಒಂಚೂರೂ ಇಷ್ಟ ಆಗಲಿಲ್ಲ. ಯಾರೂ ಕೇಳಲೂ ಇಲ್ಲ :-)

800ನ ಏನು ಮಾಡೋದು ಅಂತ ಅಪ್ಪ ಇನ್ನೂ ಹೇಳಿಲ್ಲ. ಅದನ್ನ ಕೇಳೋ ಧೈರ್ಯ ನಂಗಿಲ್ಲ. ನಿಮ್ಮ ಮನೆಯಲ್ಲಿ ಅಪ್ಪನ ಕಾರು ಯಾರು ಆರಿಸಿದ್ರು, ನಿಜ ಹೇಳಿ ನೋಡೋಣ.